ಕ್ಯಾಮರಾದ ಕಣ್ಣಿಗೊಂದು ಪರೀಕ್ಷೆ



ವೈದ್ಯರು ನಮ್ಮ ದೃಷ್ಟಿಯನ್ನು ಪರೀಕ್ಷಿಸುವಾಗ ಗೋಡೆಗೆ ಅಕ್ಷರಗಳ ಪಟವೊಂದನ್ನು ತೂಗುಹಾಕಿ, ಎಷ್ಟು ಚಿಕ್ಕ ಅಕ್ಷರದವರೆಗೆ ಓದಬಲ್ಲಿರೆಂದು ಕೇಳುವುದುಂಟು. ಕ್ಯಾಮರಾದ ಕಣ್ಣಾದ ಮಸೂರಕ್ಕೂ ಅಂಥದೇ ಒಂದು ಪರೀಕ್ಷೆಯುಂಟು. ಇಂದು ಅದನ್ನು ಕುರಿತು ನಾಲ್ಕು ಮಾತು.

ಹಳಿಯಾಳ ತಾಲ್ಲೂಕಿನ ತೇರಗಾಂವದ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅಟ್ಟದ ಪೆಟ್ಟಿಗೆಯಲ್ಲಿ ಅಜ್ಜನ ಫಿಲ್ಮು ಕ್ಯಾಮರಾ ದೊರೆತಿದೆ. ಮಳೆಗಾಲದ ತೇವವು ಗಾಜನ್ನೂ ಬಿಡುವುದಿಲ್ಲ. ಮಸೂರದ ಮೇಲೆ ಬೂಷ್ಟು ಜೇಡರ ಬಲೆಯಂತೆ ಎಳೆಯೆಳೆಯಾಗಿ ಹಬ್ಬಿದೆ. ಇದನ್ನು ಗುಜರಿಗೆ ಹಾಕಿರೆಂದು ಒಬ್ಬರು ಹೇಳುತ್ತಾರೆ. ಹಳೆಯ ಗಾಜಿಗೆ ಸಮ ಯಾವುದೆಂದು ಇನ್ನೊಬ್ಬರು. ತೊಂಬತ್ತು ದಾಟಿದ ಅಜ್ಜಿಯ ಚಿತ್ರವನ್ನು ಅದರಿಂದಲೇ ತೆಗೆಯಬೇಕೆಂಬುದು ಮೊಮ್ಮಗಳ ಆಸೆ. ಆ ಚಿತ್ರ ಕೆಟ್ಟರೆ ಮತ್ತೊಮ್ಮೆ ತೆಗೆಯುವ ಅವಕಾಶ ದೊರೆಯುವುದೋ ಇಲ್ಲವೋ! ಇಲ್ಲಿ ವಾದಕ್ಕಿಂತ ಒಂದು ಸುರುಳಿ ಫಿಲ್ಮು ಹೆಚ್ಚು ಉಪಯುಕ್ತವಾದುದು.

ಅಮೆರಿಕದ ವಾಯುಸೇನೆಯು 1951ರಲ್ಲಿ ಗೊತ್ತುಪಡಿಸಿದ ಪಟವು ಈ ಕೆಲಸದಲ್ಲಿ ಪ್ರಸಿದ್ಧವಾದುದು. ಅದರಲ್ಲಿ ಮೂರು ಅಡ್ಡಗೆರೆ, ಮೂರು ಉದ್ದಗೆರೆಗಳ ಕಟ್ಟುಗಳು ಕ್ರಮವಾಗಿ ಕಿರಿದಾಗುತ್ತ ಹೋಗುತ್ತವೆ. ಗೆರೆ ಎಷ್ಟು ದಪ್ಪವೋ ನಡುವಿನ ತೆರವೂ ಅಷ್ಟೇ. ಒಂದು ಕಪ್ಪು ಗೆರೆ, ಒಂದು ಬಿಳಿಯ ತೆರವು ಸೇರಿ ಒಂದು ಜೋಡಿ. ಒಂದು ಮಿಲಿಮೀಟರಿನಲ್ಲಿ ಎಷ್ಟು ಜೋಡಿಗಳು ಬೆರೆಯದೆ ಬೇರೆಬೇರೆಯಾಗಿ ಕಾಣುವುವೋ ಅದೇ ಪೃಥಕ್ಕರಣ ಸಾಮರ್ಥ್ಯದ ಅಳತೆ. ಆರು ಮೆಟ್ಟಿಲು ಇಳಿದರೆ ಗೆರೆಗಳ ಸಾಂದ್ರತೆ ಇಮ್ಮಡಿಯಾಗುತ್ತದೆ.

ಪಟವನ್ನು ಮಸೂರದ ಸಂಗಮದೂರದ 51ರಷ್ಟು ದೂರದಲ್ಲಿಟ್ಟರೆ ಬಿಂಬವು ಐವತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. 50 ಮಿಲಿಮೀಟರಿನ ಮಸೂರಕ್ಕೆ ಈ ದೂರ ಸುಮಾರು ಎರಡೂವರೆ ಮೀಟರು. ಪಟದಲ್ಲಿ ಮಿಲಿಮೀಟರಿಗೆ ಒಂದು ಜೋಡಿಯಾಗಿದ್ದುದು ಫಿಲ್ಮಿನ ಮೇಲೆ 50 ಜೋಡಿಯಾಗುತ್ತದೆ. ಆಗ 35 ಮಿಲಿಮೀಟರಿನ ಫಿಲ್ಮಿನ ಚೌಕಟ್ಟಿಗೆ ಗೋಡೆಯ ಮೇಲೆ 180 ಸೆಂಟಿಮೀಟರ್ ಅಗಲ, 120 ಸೆಂಟಿಮೀಟರ್ ಎತ್ತರದ ಜಾಗ ಹಿಡಿಯುತ್ತದೆ. ಅದರ ನಡುವೆ ಒಂದು, ನಾಲ್ಕು ಮೂಲೆಗಳಲ್ಲಿ ಒಂದೊಂದು, ಹೀಗೆ ಐದು ಪಟಗಳನ್ನು ಅಂಟಿಸಬೇಕು.

ಕ್ಯಾಮರಾ ಗೋಡೆಗೆ ನೇರವಾಗಿದೆಯೇ ಎಂದರಿಯಲು, ಗೋಡೆಯ ನಡುವೆ ಚಿಕ್ಕ ಕನ್ನಡಿಯನ್ನು ಒತ್ತಿ ಹಿಡಿಯಿರಿ. ಕ್ಯಾಮರಾದಲ್ಲಿ ಇಣುಕಿದಾಗ ಮಸೂರದ ಪ್ರತಿಬಿಂಬವು ಚೌಕಟ್ಟಿನ ನಟ್ಟನಡುವೆ ಕಂಡರೆ ಸರಿ. ಕ್ಯಾಮರಾ ಗಟ್ಟಿಯಾದ ಮುಕ್ಕಾಲಿಯ ಮೇಲಿರಲಿ. ಗುಂಡಿಯನ್ನು ಬೆರಳಿನಿಂದ ಒತ್ತದೆ ತಂತಿಯಿಂದ ಒತ್ತಿರಿ. ಸೂಕ್ಷ್ಮ ಕಣದ ಕಪ್ಪು-ಬಿಳುಪು ಫಿಲ್ಮಿನಲ್ಲಿ ರಂಧ್ರದ ಒಂದೊಂದು ಅಳತೆಗೂ ಒಂದೊಂದು ಚಿತ್ರ ತೆಗೆದು, ಯಾವುದು ಯಾವ ಅಳತೆಯದೆಂದು ಬರೆದಿಡಬೇಕು. ಬಳಿಕ ನೆಗೆಟಿವನ್ನು ಮೂವತ್ತು ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕದಲ್ಲಿ ನೋಡಿ, ಎರಡೂ ದಿಕ್ಕಿನ ಗೆರೆಗಳು ಬಿಡಿಯಾಗಿ ಕಾಣುವ ಕಡೆಯ ಕಟ್ಟನ್ನು ಗುರುತಿಸಬೇಕು.

ಸಾಮಾನ್ಯವಾಗಿ ರಂಧ್ರವು ಪೂರ್ತಿ ತೆರೆದಿರುವಾಗ ಮಸೂರದ ದೋಷಗಳು ಮೂಲೆಗಳಲ್ಲಿ ಎದ್ದುಕಾಣುತ್ತವೆ. ರಂಧ್ರವನ್ನು ಕಿರಿದಾಗಿಸುತ್ತ ಬಂದರೆ ಅವು ಅಡಗುತ್ತವೆ. ಬಹಳ ಕಿರಿದಾಗಿಸಿದರೆ ಬೆಳಕಿನ ತರಂಗಸ್ವಭಾವವೇ ಅಡ್ಡಬರುತ್ತದೆ. ಎಫ್ 16ರಲ್ಲಿ ಎಂಥ ಉತ್ತಮ ಮಸೂರವೂ ಹಸಿರು ಬೆಳಕಿನಲ್ಲಿ ಮಿಲಿಮೀಟರಿಗೆ 90 ಜೋಡಿಗಳ ಆಸುಪಾಸಿನಲ್ಲಿಯೇ ನಿಲ್ಲಬೇಕಾಗುತ್ತದೆ. ಇದಕ್ಕೆ ವಿವರ್ತನೆಯೆಂದು ಹೆಸರು. 1933ರಲ್ಲಿ ಬೆಂಗಳೂರಿಗೆ ಬಂದು ಇಲ್ಲಿಯೇ ನೆಲಸಿದ ಸರ್ ಸಿ. ವಿ. ರಾಮನ್ನರು 1906ರಲ್ಲಿ ಪ್ರಕಟಿಸಿದ ಮೊದಲ ಸಂಶೋಧನಾ ಲೇಖನವು ಈ ವಿವರ್ತನೆಯನ್ನು ಕುರಿತದ್ದೇ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನೆಗೆಟಿವಿನಲ್ಲಿ ಕಂಡ ಸಂಖ್ಯೆ ಮಸೂರವೊಂದರದೇ ಅಲ್ಲ. ಸ್ಥೂಲವಾದ ಒಂದು ಲೆಕ್ಕದಂತೆ, ಮಸೂರದ ಶಕ್ತಿ 100, ಫಿಲ್ಮಿನದು 100 ಆದರೆ ಎರಡೂ ಕೂಡಿ ಕೊಡುವುದು ಸುಮಾರು 50 ಮಾತ್ರ. ಕೈ ನಡುಗಿದರೂ, ದೂರವನ್ನು ತಪ್ಪಾಗಿ ಹೊಂದಿಸಿದರೂ ಅಪವಾದವು ಮಸೂರದ ಮೇಲೆಯೇ ಬರುತ್ತದೆ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಕ್ಯಾಮರಾವನ್ನು ತಲೆಕೆಳಗಾಗಿಸಿ ಮತ್ತೊಮ್ಮೆ ತೆಗೆಯಿರಿ. ಮಸುಕು ಕ್ಯಾಮರಾದೊಡನೆ ತಿರುಗಿದರೆ ದೋಷ ಅದರಲ್ಲಿದೆ. ಗೋಡೆಯ ಅದೇ ಮೂಲೆಯಲ್ಲಿ ಉಳಿದರೆ ಕ್ಯಾಮರಾವನ್ನು ನಿಲ್ಲಿಸಿದ ಕ್ರಮದಲ್ಲಿದೆ.

ಇನ್ನು ಬೂಷ್ಟಿನ ಮಾತು. ಅದು ತೆಳ್ಳಗಿದ್ದರೆ ಗೆರೆಗಳು ಬಿಡಿಯಾಗಿಯೇ ಕಂಡಾವು. ಆದರೆ ಬೆಳಕು ಚದರಿ ಕಪ್ಪು ಬೂದಿಯಾಗುತ್ತದೆ. ಗೆರೆ ಎಣಿಸುವ ಪಟವು ಈ ನಷ್ಟವನ್ನು ಪೂರ್ತಿಯಾಗಿ ಹೇಳಲಾರದು. ಆದುದರಿಂದ ಗೆರೆಗಳನ್ನು ಎಣಿಸುವುದರ ಜೊತೆಗೆ ಅವು ಎಷ್ಟು ಕಪ್ಪಾಗಿವೆಯೆಂದೂ ನೋಡಬೇಕು.

ತೇರಗಾಂವದ ಆ ಮನೆಯವರು ಹೀಗೆ ಪರೀಕ್ಷಿಸಿದರೆ, ಅಜ್ಜಿಯನ್ನು ಯಾವ ರಂಧ್ರದಲ್ಲಿ ತೆಗೆಯಬೇಕು, ಬೆಳಕು ಮಸೂರಕ್ಕೆ ಎದುರಾಗದಂತೆ ಅವರನ್ನು ಜಗಲಿಯಲ್ಲಿ ಎಲ್ಲಿ ಕೂರಿಸಬೇಕು ಎಂಬುದು ಮೊದಲೇ ಗೊತ್ತಾಗಿರುತ್ತದೆ. ಮಸೂರ ನಿಜಕ್ಕೂ ಕೆಟ್ಟಿದ್ದರೆ ಆ ಸಂಗತಿಯೂ ಗೋಡೆಯ ಮುಂದೆಯೇ ತಿಳಿಯುತ್ತದೆ. ಅಲ್ಲಿ ಪೋಲಾಗುವುದು ಒಂದು ಸುರುಳಿ ಫಿಲ್ಮು ಮಾತ್ರ, ಅಜ್ಜಿಯ ಮುಖವಲ್ಲ.