ಲಾವಾ ಹಾಸಿನ ಅಡಿಯ ಕಲಾದಗಿ

ಬೆಳಗಾವಿಯ ರವಿವಾರ ಪೇಟೆಯ ಕಾಳುಕಡಿ ಮಳಿಗೆಗಳು ನಿಂತ ನೆಲ ಕೆಂಪು ಜಂಬಿಟ್ಟಿಗೆಯದು. ಅದರಡಿ ಕಪ್ಪು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ತಣಿದ ದಖನ್ ಲಾವಾದ ದಕ್ಷಿಣದ ಅಂಚು ಬೆಳಗಾವಿಯ ಆಸುಪಾಸಿನಲ್ಲೇ ಮುಗಿಯುತ್ತದೆ. ಖಾನಾಪುರ ದಾಟುತ್ತ ಹೋದರೆ ಅದಕ್ಕಿಂತ ಎಷ್ಟೋ ಹಳೆಯ ಧಾರವಾಡ ಶಿಲೆಗಳು ಮೇಲೆ ಬರುತ್ತವೆ. ಲಾವಾಕ್ಕೂ ಆ ಹಳೆಯ ಬುಡಕ್ಕೂ ನಡುವೆ ಏನಿದೆ ಎಂಬ ಪ್ರಶ್ನೆಗೆ ಒಂದೂವರೆ ಶತಮಾನದ ವಯಸ್ಸಾಗಿದೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಮರಾಠಾ ಪ್ರಾಂತವನ್ನು ಸುತ್ತಿ 1876ರಲ್ಲಿ ದೊಡ್ಡ ವರದಿ ಪ್ರಕಟಿಸಿದರು. ಈ ಸೀಮೆಯ ಮರಳುಗಲ್ಲು, ಸುಣ್ಣಕಲ್ಲು, ಜೇಡಿಶಿಲೆಗಳನ್ನು ಒಂದೇ ಕುಟುಂಬವಾಗಿ ಹೊಂದಿಸಿ ಕಲಾದಗಿ ಊರಿನ ಹೆಸರಿಟ್ಟರು. ಸವದತ್ತಿಯ ಗುಡ್ಡಗಳಿಗೂ ನವಿಲುತೀರ್ಥದಲ್ಲಿ ಮಲಪ್ರಭೆ ಸೀಳಿಕೊಂಡು ಹೋದ ಕಣಿವೆಗೂ ಈ ಕುಟುಂಬದ ಕಲ್ಲೇ. ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಧುಮುಕುವುದೂ ಇದರ ಮೇಲಿಂದಲೇ. ಮುಂದಿನ ತಲೆಮಾರುಗಳ ಭೂವಿಜ್ಞಾನಿಗಳು ಇದನ್ನು ಎರಡಾಗಿ ಒಡೆದರು: ಮಡಿಚಿ ಬಾಗಿದ ಬಾಗಲಕೋಟೆ ಪದರಗಳು ಕೆಳಗೆ, ಬಹುತೇಕ ಮಟ್ಟಸವಾಗಿ ಮಲಗಿದ ಬಾದಾಮಿ ಪದರಗಳು ಮೇಲೆ. ಒಟ್ಟು ದಪ್ಪ ಸುಮಾರು 4 ಕಿ.ಮೀ. ಇಷ್ಟನ್ನೂ ಕಾಲ್ನಡಿಗೆಯಲ್ಲಿ, ಸುತ್ತಿಗೆ ಹಿಡಿದು ಓದಿದವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಲಾವಾ ಮುಚ್ಚಿದಲ್ಲಿ ಅವರ ಓದು ನಿಲ್ಲಲೇಬೇಕಿತ್ತು.

ಒಂದು ಸುಳಿವು ಮಾತ್ರ ಉಳಿಯಿತು. ಘಟ್ಟ ಇಳಿದು ಸಿಂಧುದುರ್ಗಕ್ಕೆ ಹೋದರೆ ಅಲ್ಲಲ್ಲಿ ಕಲಾದಗಿ ಶಿಲೆ ಮತ್ತೆ ಕಾಣಿಸುತ್ತದೆ. ಪೂರ್ವದಲ್ಲೂ ಇದೆ, ಪಶ್ಚಿಮದಲ್ಲೂ ಇದೆ. ನಡುವಿನ ಲಾವಾದಡಿಯೂ ಇದ್ದೀತು ಎಂಬ ಊಹೆ ಅಲ್ಲಿಂದ ಹುಟ್ಟಿತು.

ಹಾಗಿದ್ದರೆ ಆ ಶಿಲೆಯಲ್ಲಿ ಎಣ್ಣೆ, ಅನಿಲವೂ ಇದ್ದೀತೇ ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ. ಇಷ್ಟು ಹಳೆಯ ಕಲ್ಲಿನಲ್ಲಿ ಎಣ್ಣೆ ಎಲ್ಲಿಂದ ಬರಬೇಕು? ಕಲಾದಗಿ ಪದರಗಳು ಕೂಡಿದ್ದು ಗಿಡಮರ, ಪ್ರಾಣಿಗಳು ಹುಟ್ಟುವ ಮೊದಲು. ಆದರೂ ಅವು ಕೂಡಿದ ಸಮುದ್ರದಲ್ಲಿ ಜೀವವಿತ್ತು. ಸೂಕ್ಷ್ಮಜೀವಿಗಳ ಹಾಸುಗಳು ಕಟ್ಟಿದ ಸ್ಟ್ರೊಮಾಟೊಲೈಟ್‌ಗಳು ಇಲ್ಲಿನ ಸುಣ್ಣಕಲ್ಲಿನಲ್ಲಿ ಉಳಿದಿವೆ. ಒಮಾನ್ ಮತ್ತು ಸೈಬೀರಿಯಾದಲ್ಲಿ ಪ್ರಾಣಿಯುಗಕ್ಕೂ ಹಿಂದಿನ ಶಿಲೆಗಳು ಎಣ್ಣೆ, ಅನಿಲ ಕೊಟ್ಟಿವೆ. ಜೀವಾಂಶವಿದ್ದರೆ ಸಾಲದು, ಅದು ಹದವಾಗಿ ಬೇಯಬೇಕು, ಸಂದುಗಳಿರುವ ಕಲ್ಲಿನಲ್ಲಿ ಸೇರಬೇಕು, ಮೇಲೆ ಬಿಗಿ ಮುಚ್ಚಳ ಬೇಕು. ನೂರು ಕೋಟಿ ವರ್ಷ ಸೋರದೆ ನಿಲ್ಲುವುದು ಎಲ್ಲಕ್ಕಿಂತ ಕಷ್ಟ.

ಲಾವಾದಡಿ ಏನಿದೆ ಎಂದು ನೋಡುವುದೂ ಸುಲಭವಲ್ಲ. ಕಂಪನ ಅಲೆ ಕಳಿಸಿ ಪ್ರತಿಧ್ವನಿ ಆಲಿಸುವ ಭೂಕಂಪನ ಸಮೀಕ್ಷೆಯಲ್ಲಿ ಬಸಾಲ್ಟಿನ ಪದರು ಪದರು ಹರಿವುಗಳು ಅಲೆಗಳನ್ನು ಚದುರಿಸುತ್ತವೆ. ಆದ್ದರಿಂದ ಗುರುತ್ವ ಮಾಪನವನ್ನೂ, ನೆಲದ ವಿದ್ಯುತ್ ರೋಧವನ್ನು ಅಳೆಯುವ ಮ್ಯಾಗ್ನೆಟೋಟೆಲ್ಯುರಿಕ್ ವಿಧಾನವನ್ನೂ ಜೊತೆಗೆ ಬಳಸುತ್ತಾರೆ. ಕೊನೆಗೂ ತೀರ್ಪು ಕೊಡುವುದು ಬೈರಿಗೆ. 1993ರ ಭೂಕಂಪದ ಬಳಿಕ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 617 ಮೀಟರ್ ಕೊರೆದಾಗ 338 ಮೀಟರ್ ಬಸಾಲ್ಟ್, ಅದರಡಿ ಕೇವಲ 8 ಮೀಟರ್ ಮೆಕ್ಕಲು ಪದರ, ಆಮೇಲೆ ಬುಡದ ಶಿಲೆ ಸಿಕ್ಕಿತು. ಕೊಯ್ನಾದಲ್ಲಿ ಲಾವಾ ನೇರ ಗ್ರಾನೈಟಿನ ಮೇಲೇ ಕೂತಿತ್ತು.

ಕೇಂದ್ರ ಸರಕಾರದ ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯ ಗುರುತಿಸಿದ 26 ಜಲಜಶಿಲಾ ಬೋಗುಣಿಗಳಲ್ಲಿ ಭೀಮಾ–ಕಲಾದಗಿಯೂ ಒಂದು, ಮೂರನೆಯ ವರ್ಗದಲ್ಲಿ. ಅಂದರೆ ನಿರೀಕ್ಷೆಯುಂಟು, ನಿಕ್ಷೇಪ ಕಂಡಿಲ್ಲ. ಸರಿಯಾಗಿ ನೋಡದ ಇಂಥ ಪ್ರದೇಶಗಳಿಗಾಗಿಯೇ 2016ರಲ್ಲಿ ರಾಷ್ಟ್ರೀಯ ಭೂಕಂಪನ ಸಮೀಕ್ಷಾ ಕಾರ್ಯಕ್ರಮ ಶುರುವಾಯಿತು. ದೇಶಾದ್ಯಂತ 48,243 ಕಿ.ಮೀ. ಉದ್ದದ ರೇಖೆಗಳ ಗುರಿ ಅದರದಾಗಿತ್ತು. ಎಣ್ಣೆ ಸಿಗಲಿ, ಬಿಡಲಿ, ಲಾವಾದ ದಪ್ಪ ಮತ್ತು ಅದರಡಿಯ ಬಿರುಕುಗಳ ನಕ್ಷೆ ಅಂತರ್ಜಲ ಹುಡುಕುವವರಿಗೂ ಭೂಕಂಪ ಅಭ್ಯಾಸ ಮಾಡುವವರಿಗೂ ಬೇಕು. ಆ ನಕ್ಷೆಗೆ ಬೆಳಗಾವಿಯ ಪಶ್ಚಿಮದಲ್ಲಿ, ಲಾವಾ ತೆಳುವಾಗುವ ಅಂಚಿನಲ್ಲಿ, ಬುಡದವರೆಗೆ ಇಳಿಯುವ ಒಂದು ಕೊಳವೆ ಕೊರೆಯುವುದು ಯೋಗ್ಯ ಎಂದು ನನಗನಿಸುತ್ತದೆ.