ಪ್ರೌಢಶಾಲೆಯ ವೇಳಾಪತ್ರಿಕೆಯಲ್ಲಿ ಚಿತ್ರ, ಸಂಗೀತ, ನಾಟಕ

ಪ್ರೌಢಶಾಲೆಯ ಕಲಾ ಶಿಕ್ಷಣವೆಂದರೆ ಎಂಟರಿಂದ ಹತ್ತನೆಯ ತರಗತಿಯ ಮಕ್ಕಳಿಗೆ ಚಿತ್ರ, ಸಂಗೀತ, ನಾಟಕಗಳನ್ನು ಶಾಲೆಯ ಅವಧಿಯೊಳಗೇ ಕ್ರಮವಾಗಿ ಕಲಿಸುವುದು. ಶಾಲೆಯ ವಾರ್ಷಿಕ ಗ್ಯಾದರಿಂಗ್ ಹತ್ತಿರ ಬಂದಾಗ ತರಾತುರಿಯಲ್ಲಿ ನಡೆಯುವ ತಾಲೀಮಿಗೂ ಇದಕ್ಕೂ ಬಹಳ ಅಂತರವಿದೆ. ತಾಲೀಮಿಗೆ ಆಗಲೇ ಹಾಡಲು, ಕುಣಿಯಲು ಬರುವ ನಾಲ್ಕು ಮಕ್ಕಳನ್ನು ಆರಿಸಿಕೊಳ್ಳುತ್ತಾರೆ. ತರಗತಿಯಲ್ಲಾದರೋ ಏನೂ ಬಾರದೆ ಹಿಂದಿನ ಬೆಂಚಿನಲ್ಲಿ ಕುಳಿತ ಮಗುವೂ ಕಲಿಯಬೇಕು. ಹಾವೇರಿ ಜಿಲ್ಲೆಯನ್ನೇ ನೋಡೋಣ. ಇಲ್ಲಿಯ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ವ್ಯಾಪಾರಕ್ಕೆ ಹೆಸರಾದ ಊರುಗಳು. ಬ್ಯಾಡಗಿಯದು ಮೆಣಸಿನಕಾಯಿ, ರಾಣೆಬೆನ್ನೂರಿನದು ಬೀಜ, ಹಾವೇರಿಯದು ಏಲಕ್ಕಿ ಮಾಲೆ. ಇವುಗಳ ಸುತ್ತಲಿನ ಹಳ್ಳಿಗಳಲ್ಲಿ ದೊಡ್ಡಾಟ, ಸಣ್ಣಾಟ, ಡೊಳ್ಳು, ಭಜನೆ, ಪುರವಂತಿಕೆ, ಸೋಬಾನೆ ಎಲ್ಲವೂ ಇವೆ. ಇಷ್ಟೆಲ್ಲ ಹೊರಗಿದ್ದರೂ ಶಾಲೆಯೊಳಗೆ ಬಂದದ್ದು ಸ್ವಲ್ಪ. ಈ ಸೀಮೆಯ ಕಲಾ ತರಗತಿಗಳ ಮುಖ್ಯ ಕೊರತೆ ಅದೇ, ಅವುಗಳ ಮುಂದಿರುವ ಅವಕಾಶವೂ ಅದೇ.

1956ರವರೆಗೆ ಈ ಭಾಗ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಗೆ ಸೇರಿತ್ತು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಮುಂಬಯಿ ಆಡಳಿತದಲ್ಲಿದ್ದುದರಿಂದ ಇಲ್ಲಿಯ ಶಾಲೆಗಳ ಚಿತ್ರಕಲೆ ಮುಂಬಯಿಯ ಮಾದರಿಯಲ್ಲೇ ಬೆಳೆಯಿತು. ಮುಂಬಯಿಯ ಜೆ.ಜೆ. ಕಲಾಶಾಲೆ 1857ರಲ್ಲಿ ಆರಂಭವಾಗಿತ್ತು. ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಡ್ರಾಯಿಂಗ್ ಪರೀಕ್ಷೆಗಳು ಆ ಪ್ರಾಂತ್ಯದ ಹೈಸ್ಕೂಲುಗಳಲ್ಲಿ ರೂಢಿಯಲ್ಲಿದ್ದವು. ಮಹಾರಾಷ್ಟ್ರದಲ್ಲಿ ಅವು ಇಂದಿಗೂ ನಡೆಯುತ್ತವೆ. ಮುಂಬಯಿಯಲ್ಲಿ ಕಲಿತು ಬಂದ ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿ ಕಲಾಶಾಲೆ ತೆರೆದರು, ಟಿ.ಪಿ. ಅಕ್ಕಿಯವರು ಗದಗಿನಲ್ಲಿ ವಿಜಯ ಕಲಾಮಂದಿರವನ್ನು ಕಟ್ಟಿದರು. ಉತ್ತರ ಕರ್ನಾಟಕದ ಹೈಸ್ಕೂಲುಗಳಿಗೆ ಡ್ರಾಯಿಂಗ್ ಮಾಸ್ತರರು ಬಂದದ್ದು ಇಂಥ ಶಾಲೆಗಳಿಂದ. ಕರ್ನಾಟಕದಲ್ಲಿ ಈಗ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಎಂಬ ಚಿತ್ರಕಲಾ ಪರೀಕ್ಷೆಗಳಿವೆ. ಪ್ರೌಢಶಾಲೆಯ ಮಕ್ಕಳು ಪಾಠದ ಜೊತೆಗೇ ಇವಕ್ಕೆ ಕೂರಬಹುದು.

ನಿಯಮದ ಪುಸ್ತಕದಲ್ಲಿ ಕಲೆಗೆ ಗೌರವದ ಸ್ಥಾನವಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆಯನ್ನು ಎಲ್ಲ ಮಕ್ಕಳಿಗೂ ಕಲಿಸಬೇಕೆಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆಯನ್ನು ಪಠ್ಯೇತರ ಚಟುವಟಿಕೆಯೆಂದು ಬದಿಗಿಡಬಾರದು ಎನ್ನುತ್ತದೆ. ಎಸ್ಸೆಸ್ಸೆಲ್ಸಿಯ ಲೆಕ್ಕ ಬೇರೆ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625 ಅಂಕ. ಅದರಲ್ಲಿ ಚಿತ್ರಕಲೆಗಾಗಲಿ ಸಂಗೀತಕ್ಕಾಗಲಿ ಪ್ರತ್ಯೇಕವಾಗಿ ಒಂದು ಅಂಕವೂ ಇಲ್ಲ. ದಸರೆ ರಜೆ ಮುಗಿದು ಶಾಲೆ ತೆರೆದ ಮೇಲೆ ಹತ್ತನೆಯ ತರಗತಿಯ ಡ್ರಾಯಿಂಗ್ ಪಿರಿಯಡ್ಡು ಗಣಿತಕ್ಕೋ ವಿಜ್ಞಾನಕ್ಕೋ ಹೋಗುವುದು ಈ ಕಾರಣಕ್ಕೆ. ಫಲಿತಾಂಶದ ಒತ್ತಡದಲ್ಲಿರುವ ಮುಖ್ಯಾಧ್ಯಾಪಕರನ್ನು ಇದಕ್ಕಾಗಿ ದೂರಿ ಫಲವಿಲ್ಲ. ಎಂಟು, ಒಂಬತ್ತನೆಯ ತರಗತಿಗಳ ಪಿರಿಯಡ್ಡುಗಳನ್ನಾದರೂ ಉಳಿಸಿಕೊಳ್ಳುವುದು ಯಾವ ಶಾಲೆಗೂ ಸಾಧ್ಯವಿದೆ. ನಿಜವಾದ ಕಲಿಕೆಗೆ ಆ ಎರಡು ವರ್ಷಗಳೇ ಹದವಾದ ಕಾಲ.

ಮೂರು ಕಲೆಗಳಲ್ಲಿ ಶಾಲೆಗೆ ಹೆಚ್ಚು ಒಗ್ಗಿದ್ದು ಚಿತ್ರಕಲೆ. ಕಾಗದ, ಪೆನ್ಸಿಲ್, ರಬ್ಬರು ಇದ್ದರೆ ಪಾಠ ಶುರುವಾಗುತ್ತದೆ. ಮೊದಲ ಪಾಠ ಎದುರಿಗಿಟ್ಟ ವಸ್ತುವನ್ನು ನೋಡಿ ಬರೆಯುವುದು: ಒಂದು ಮಣ್ಣಿನ ಗಡಿಗೆ, ಪಕ್ಕದಲ್ಲಿ ಎರಡು ಉಳ್ಳಾಗಡ್ಡಿ. ಗಡಿಗೆಯ ಬಾಯಿ ದುಂಡಗಿದೆ ಎಂದು ಮಗುವಿಗೆ ಗೊತ್ತು, ಆದ್ದರಿಂದ ಪೂರ್ಣ ವೃತ್ತವನ್ನೇ ಬರೆಯುತ್ತದೆ. ಕುಳಿತ ಜಾಗದಿಂದ ಕಾಣುವುದು ಚಪ್ಪಟೆಯಾದ ಅಂಡಾಕಾರ. ಗೊತ್ತಿರುವುದನ್ನು ಬಿಟ್ಟು ಕಾಣುವುದನ್ನು ಬರೆಯಲು ಕಲಿತ ದಿನ ಚಿತ್ರಕಲೆಯ ಅತಿ ಕಠಿಣ ಹೆಜ್ಜೆ ದಾಟಿದಂತೆ. ನೆರಳು–ಬೆಳಕು, ದೂರದ್ದು ಚಿಕ್ಕದಾಗಿ ಕಾಣುವ ಯಥಾದರ್ಶನ, ವಿನ್ಯಾಸ, ಅಕ್ಷರ ಬರವಣಿಗೆ, ನೆನಪಿನಿಂದ ಬರೆಯುವ ಚಿತ್ರ ಇವೆಲ್ಲ ಆಮೇಲೆ ಬರುತ್ತವೆ. ಕರಿಹಲಗೆಯ ಮೇಲೆ ಶಿಕ್ಷಕರು ಬರೆದ ಗುಡ್ಡ, ಸೂರ್ಯ, ತೆಂಗಿನ ಮರವನ್ನು ನಲವತ್ತು ಮಕ್ಕಳು ನಕಲು ಮಾಡುವ ಪದ್ಧತಿ ಇನ್ನೂ ಹಲವೆಡೆ ಇದೆ. ಅದರಿಂದ ಕೈ ಒಂದಿಷ್ಟು ಪಳಗಬಹುದು, ಕಣ್ಣು ಪಳಗುವುದಿಲ್ಲ.

ನೋಡಿ ಬರೆಯಲು ಈ ಸೀಮೆಯಲ್ಲಿ ಬೇಕಾದಷ್ಟಿದೆ. ಹಾವೇರಿಯ ಪುರದ ಸಿದ್ಧೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು, ಪಶ್ಚಿಮಕ್ಕೆ ಮುಖ ಮಾಡಿದೆ. ಮುಂಬಾಗಿಲು ಪಶ್ಚಿಮಕ್ಕಿರುವುದರಿಂದ ಸಂಜೆಯ ಬಿಸಿಲು ಆ ಕಡೆಯ ಕೆತ್ತನೆಗಳ ಮೇಲೆ ಓರೆಯಾಗಿ ಬೀಳುತ್ತದೆ. ನೆರಳು–ಬೆಳಕಿನ ಅಭ್ಯಾಸಕ್ಕೆ ಶಾಲೆ ಬಿಟ್ಟ ಮೇಲಿನ ಹೊತ್ತೇ ಅಲ್ಲಿ ಒಳ್ಳೆಯದು. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ ತುಂಗಭದ್ರೆಯ ದಂಡೆಗೆ ಮುಕ್ತೇಶ್ವರ ಗುಡಿಯಿದೆ. ಹಾನಗಲ್ಲಿನ ತಾರಕೇಶ್ವರ ಗುಡಿಯ ಮಂಟಪದ ಒಳಛಾವಣಿಯಲ್ಲಿ ಕಲ್ಲಿನ ದೊಡ್ಡ ಕಮಲ ಅರಳಿದೆ. ವೃತ್ತದೊಳಗೆ ವೃತ್ತ, ಅದರೊಳಗೆ ದಳ ಎಂಬ ಅದರ ರಚನೆಯನ್ನು ಕೈವಾರ ಹಿಡಿದು ಬಿಡಿಸುವ ವಿದ್ಯಾರ್ಥಿಗೆ ರೇಖಾಗಣಿತವೂ ಅರ್ಥವಾಗುತ್ತದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಉತ್ಸವ ರಾಕ್ ಗಾರ್ಡನ್ ಇದೆ. ಹೆದ್ದಾರಿಯ ಬದಿಯ ಆ ಜಾಗದಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬದುಕು ಆಳೆತ್ತರದ ಶಿಲ್ಪಗಳಾಗಿ ನಿಂತಿದೆ. ಶಾಲೆಗಳ ಪ್ರವಾಸಕ್ಕೆ ಅದು ರೂಢಿಯ ತಾಣ. ಮಕ್ಕಳ ಕೈಯಲ್ಲಿ ಒಂದೊಂದು ಚಿತ್ರದ ಪುಸ್ತಕ ಕೊಟ್ಟು ಒಂದು ತಾಸು ಅಲ್ಲೇ ಕೂರಿಸಿದರೆ ಪ್ರವಾಸವೇ ತರಗತಿಯಾಗುತ್ತದೆ.

ಬಣ್ಣದ ವಿಷಯದಲ್ಲಿ ಬ್ಯಾಡಗಿಯ ಮಕ್ಕಳಿಗೆ ವಿಶೇಷ ಪಾಠವೊಂದು ಮನೆಯಂಗಳದಲ್ಲೇ ಇದೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ. ಅದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಸಾರ ಆಹಾರಕ್ಕೂ ತುಟಿಬಣ್ಣಕ್ಕೂ ಕೆಂಪು ಕೊಡುತ್ತದೆ. ಈ ಬಣ್ಣ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಅರಿಸಿನ, ಕುಂಕುಮ, ಕೆಮ್ಮಣ್ಣು, ಇದ್ದಿಲುಗಳನ್ನು ಸಾಲಾಗಿಟ್ಟು ಯಾವುದು ಯಾವುದರಲ್ಲಿ ಬೆರೆಯುತ್ತದೆ, ಯಾವುದು ಬಿಸಿಲಿಗೆ ಮಾಸುತ್ತದೆ ಎಂದು ಮಕ್ಕಳೇ ಪರೀಕ್ಷಿಸಿದರೆ ಜಲವರ್ಣಕ್ಕೂ ತೈಲವರ್ಣಕ್ಕೂ ಇರುವ ವ್ಯತ್ಯಾಸ ಬಾಯಿಪಾಠವಿಲ್ಲದೆ ತಿಳಿಯುತ್ತದೆ. ಏಲಕ್ಕಿಯನ್ನು ಪೋಣಿಸಿ ರೇಷ್ಮೆ ನೂಲಿನಿಂದ ಅಲಂಕರಿಸುವ ಹಾವೇರಿಯ ಮಾಲೆಗಾರರ ಕೆಲಸ ವಿನ್ಯಾಸದ ಪಾಠಕ್ಕೆ ಅಷ್ಟೇ ಒಳ್ಳೆಯ ಸಾಮಗ್ರಿ. ಕಲೆಗೆ ಅಂಕವಿಲ್ಲ ಎಂದು ಚಿಂತಿಸುವ ಪಾಲಕರಿಗೆ ಒಂದು ಸಂಗತಿ: ವಿಜ್ಞಾನದ ಪ್ರಶ್ನೆಪತ್ರಿಕೆಯಲ್ಲಿ ಕಣ್ಣು, ಹೃದಯ, ಹೂವಿನ ಭಾಗಗಳಂಥ ಚಿತ್ರಗಳಿಗೆ ಅಂಕಗಳಿವೆ, ಅವನ್ನು ಸಲೀಸಾಗಿ ಬರೆಯುವ ಕೈ ತಯಾರಾಗುವುದು ಡ್ರಾಯಿಂಗ್ ತರಗತಿಯಲ್ಲಿ.

ಸಂಗೀತದ ತರಗತಿ ಹೊರಗಿನವರಿಗೆ ಸುಲಭವೆಂದು ಕಂಡರೂ ಶಿಕ್ಷಕರಿಗೆ ಸೂಕ್ಷ್ಮದ ಕೆಲಸ. ಮೊದಲು ಶ್ರುತಿ. ತಂಬೂರಿಯ ಇಲ್ಲವೇ ಪೇಟಿಯ ಷಡ್ಜಕ್ಕೆ ಎಲ್ಲರ ದನಿ ಕೂಡುವವರೆಗೆ ಹಾಡು ಹೇಳಿಕೊಡಬಾರದು. ಆಮೇಲೆ ಅಲಂಕಾರಗಳು, ಕೈತಟ್ಟಿ ತಾಳ: ಆರು ಮಾತ್ರೆಯ ದಾದ್ರಾ, ಎಂಟರ ಕೆಹರವಾ, ಹದಿನಾರರ ತೀನ್‌ತಾಲ. ಭಜನೆಯ ಸಂಗದಲ್ಲಿ ಬೆಳೆದ ಹಳ್ಳಿಯ ಮಕ್ಕಳಿಗೆ ಹೆಸರು ಗೊತ್ತಿರದಿದ್ದರೂ ಕೆಹರವಾ ಮೈಯಲ್ಲೇ ಇರುತ್ತದೆ. ಪ್ರೌಢಶಾಲೆಗೆ ಮಾತ್ರ ಸೇರಿದ ಇನ್ನೊಂದು ತೊಡಕಿದೆ. ಹದಿಮೂರು–ಹದಿನೈದರ ನಡುವೆ ಗಂಡುಹುಡುಗರ ಧ್ವನಿಪೆಟ್ಟಿಗೆ ಬೆಳೆದು ಧ್ವನಿ ತಂತುಗಳು ಉದ್ದವಾಗುತ್ತವೆ, ದನಿ ಒಡೆಯುತ್ತದೆ. ಏಳನೆಯ ತರಗತಿಯಲ್ಲಿ ಬಹುಮಾನ ಗೆದ್ದ ಹುಡುಗ ಒಂಬತ್ತನೆಯಲ್ಲಿ ಬಾಯಿ ತೆರೆಯಲು ನಾಚುವುದು ಇದರಿಂದ. ಆ ಕಾಲದಲ್ಲಿ ಏರು ದನಿಗೆ ಒತ್ತಾಯಿಸದೆ ಮಂದ್ರದಲ್ಲಿ ಮೆಲ್ಲಗೆ ಹಾಡಿಸಬೇಕು, ತಬಲಾ, ಡೊಳ್ಳು, ತಾಳದ ಕಡೆ ತಿರುಗಿಸಬೇಕು. ಇದನ್ನು ತಿಳಿಸಿ ಹೇಳುವ ಶಿಕ್ಷಕರಿಲ್ಲದೆ ಸಂಗೀತವನ್ನು ಶಾಶ್ವತವಾಗಿ ಬಿಟ್ಟವರು ಅನೇಕರು.

ಏನು ಹಾಡಿಸಬೇಕು ಎಂಬುದಕ್ಕೂ ಈ ಸೀಮೆಯಲ್ಲಿ ಹುಡುಕಾಟ ಬೇಕಿಲ್ಲ. ಕನಕದಾಸರ ಅಂಕಿತದಲ್ಲಿರುವ ಕಾಗಿನೆಲೆ ಬ್ಯಾಡಗಿ ತಾಲ್ಲೂಕಿನದು; ಅವರು ಹುಟ್ಟಿದ ಬಾಡ, ಶರೀಫರ ಶಿಶುವಿನಹಾಳ ಶಿಗ್ಗಾವಿ ತಾಲ್ಲೂಕಿನವು. ಕೀರ್ತನೆ, ತತ್ವಪದ, ವಚನ ಮೂರೂ ಇಲ್ಲಿಯ ಮಕ್ಕಳಿಗೆ ನೆರೆಹೊರೆಯ ಸಾಹಿತ್ಯ. ಗಾನಯೋಗಿ ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದವರು. 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳೂ ಅದೇ ತಾಲ್ಲೂಕಿನವರು. ಕಣ್ಣಿಲ್ಲದ ಈ ಗುರು–ಶಿಷ್ಯರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಅನ್ನದ ಜೊತೆ ಸಂಗೀತ ಕೊಟ್ಟರು. ಆಶ್ರಮದಲ್ಲಿ ಕಲಿತವರು ಉತ್ತರ ಕರ್ನಾಟಕದ ಎಷ್ಟೋ ಶಾಲೆಗಳಿಗೆ ಸಂಗೀತ ಶಿಕ್ಷಕರಾದರು. ಶಾಲೆಯಲ್ಲಿ ದಿನವೂ ನಡೆಯುವ ಪ್ರಾರ್ಥನೆ ಕೂಡ ಒಂದು ಸಂಗೀತ ಪಾಠವೇ. ಅಲ್ಲಿ ಹಾಡುವ ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆಯಾಯಿತು. ಅದನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಆದೇಶಿಸಿತು. ಅದನ್ನು ಶ್ರುತಿ, ಲಯ ತಪ್ಪದಂತೆ ಇಡೀ ಶಾಲೆಯಿಂದ ಹಾಡಿಸಬಲ್ಲವರು ಒಬ್ಬರಿದ್ದರೆ ಆ ಶಾಲೆಯ ಸಂಗೀತಕ್ಕೆ ಬುನಾದಿ ಬಿದ್ದಂತೆ.

ನಾಟಕದ ತರಗತಿ ಮೂರರಲ್ಲಿ ಅಪರೂಪದ್ದು. ರಂಗಶಿಕ್ಷಣ ಪಡೆದವರನ್ನು ಸರ್ಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನಾಗಿ ನೇಮಿಸಿದ ಪ್ರಯೋಗ ರಾಜ್ಯದಲ್ಲಿ ನಡೆದಿದೆ, ಅಂಥವರ ಸಂಖ್ಯೆ ಮಾತ್ರ ಕಡಿಮೆ. ಈ ತರಗತಿ ನಾಟಕ ಆಡಿಸುವುದರಿಂದ ಆರಂಭವಾಗುವುದಿಲ್ಲ. ಮೊದಲಿನ ವಾರಗಳೆಲ್ಲ ಆಟಗಳು: ಕನ್ನಡಿಯ ಬಿಂಬದಂತೆ ಎದುರಿನವರ ಚಲನೆ ಅನುಸರಿಸುವುದು, ಕಣ್ಣು ಕಟ್ಟಿಕೊಂಡು ಗೆಳೆಯನ ದನಿಯನ್ನು ನಂಬಿ ನಡೆಯುವುದು, ಒಂದೇ ವಾಕ್ಯವನ್ನು ಸಿಟ್ಟಿನಲ್ಲಿ, ಭಯದಲ್ಲಿ, ಪ್ರೀತಿಯಲ್ಲಿ ಹೇಳುವುದು. ನಂತರ ಸನ್ನಿವೇಶ ಕೊಟ್ಟು ಮಾತು ಕಟ್ಟಿಸುವುದು. ಸಂತೆಯಲ್ಲಿ ಚೌಕಾಸಿ, ಬಸ್ಸಿನಲ್ಲಿ ಸೀಟಿನ ಜಗಳ ಇಂಥವನ್ನು ಮಕ್ಕಳು ತಮ್ಮ ಮನೆಮಾತಿನಲ್ಲೇ ಆಡಬೇಕು. ಪುಸ್ತಕದ ಭಾಷೆಗೆ ಹೆದರಿ ಮೂರು ವರ್ಷ ಮೌನವಾಗಿದ್ದ ಹುಡುಗಿ ಹಾವೇರಿ ಸೀಮೆಯ ಮಾತಿನಲ್ಲಿ ಸರಾಗವಾಗಿ ಸಂಭಾಷಣೆ ಕಟ್ಟುವುದನ್ನು ನೋಡಿದ ಶಿಕ್ಷಕರಿಗೆ ನಾಟಕದ ಉಪಯೋಗವನ್ನು ಬೇರೆ ವಿವರಿಸಬೇಕಿಲ್ಲ.

ಮೂರನೆಯ ಹಂತ ಪಾಠವನ್ನೇ ರಂಗಕ್ಕೆ ತರುವುದು. ಹತ್ತನೆಯ ತರಗತಿಯ ಕನ್ನಡದಲ್ಲಿ ಓದುವ ಕುಮಾರವ್ಯಾಸನ ಕಾವ್ಯಭಾಗದಲ್ಲಿ ಕೃಷ್ಣ ಕರ್ಣನಿಗೆ ಅವನ ಜನ್ಮದ ಗುಟ್ಟು ಹೇಳುತ್ತಾನೆ. ಇಬ್ಬರೇ ಪಾತ್ರಧಾರಿಗಳು, ವೇಷ ಬೇಡ, ಪರದೆ ಬೇಡ. ಒಬ್ಬರು ಗಮಕದಲ್ಲಿ ಷಟ್ಪದಿ ಹಾಡಿ, ಇಬ್ಬರು ಅದರ ಅರ್ಥವನ್ನು ಮಾತಿನಲ್ಲಿ ಆಡಿದರೆ ನಡುಗನ್ನಡ ಒಮ್ಮೆಗೇ ತಿಳಿಯಾಗುತ್ತದೆ. ದೊಡ್ಡಾಟದಲ್ಲಿ ಭಾಗವತ ಹಾಡುವುದು, ವೇಷಧಾರಿ ಅರ್ಥ ಹೇಳುವುದು ಹೀಗೆಯೇ. ಊರಿನ ಹಿರಿಯ ಕಲಾವಿದರೊಬ್ಬರನ್ನು ಶಾಲೆಗೆ ಕರೆಸಿ ಒಂದು ಪ್ರವೇಶ ಮಾಡಿಸಿ ತೋರಿಸಬಹುದು. ಬಿ.ವಿ. ಕಾರಂತರ ‘ಪಂಜರ ಶಾಲೆ’, ವೈದೇಹಿಯವರ ‘ಧಾಂ ಧೂಂ ಸುಂಟರಗಾಳಿ’, ಕಂಬಾರರ ಮಕ್ಕಳ ನಾಟಕಗಳು ಶಾಲೆಗಳು ಆಡಿ ಗೆದ್ದಂಥವು. ಧಾರವಾಡದ ರಂಗಾಯಣ ಬೇಸಿಗೆಯಲ್ಲಿ ಚಿಣ್ಣರ ಮೇಳ ನಡೆಸುತ್ತದೆ. ಹಾನಗಲ್ ತಾಲ್ಲೂಕಿನ ಶೇಷಗಿರಿಯ ಗಜಾನನ ಯುವಕ ಮಂಡಳ ಪುಟ್ಟ ಹಳ್ಳಿಯಲ್ಲೇ ರಂಗಮಂದಿರ ಕಟ್ಟಿಕೊಂಡು ನಾಟಕವನ್ನು ಊರಿನ ಕೆಲಸವನ್ನಾಗಿ ಮಾಡಿಕೊಂಡಿದೆ. ಜಿಲ್ಲೆಯ ಶಾಲೆಗಳಿಗೆ ಇದಕ್ಕಿಂತ ಹತ್ತಿರದ ಮಾದರಿ ಸಿಗದು.

ಸ್ಪರ್ಧೆಗಳ ಮಾತು ಬಂದರೆ, ಕ್ಲಸ್ಟರಿನಿಂದ ರಾಜ್ಯದವರೆಗೆ ಹಂತಹಂತವಾಗಿ ನಡೆಯುವ ಪ್ರತಿಭಾ ಕಾರಂಜಿ ಎಲ್ಲ ಶಾಲೆಗಳಿಗೂ ಪರಿಚಿತ. ಕೇಂದ್ರ ಸರ್ಕಾರದ ಕಲಾ ಉತ್ಸವ 2015ರಿಂದ ನಡೆಯುತ್ತಿದೆ. ಭಾವಗೀತೆ, ಜಾನಪದ ಗೀತೆ, ರಂಗೋಲಿ, ಛದ್ಮವೇಷ, ಕವ್ವಾಲಿಗಳಿಗೆ ಕಾರಂಜಿಯಲ್ಲಿ ವೇದಿಕೆಯಿದೆ, ಹಳ್ಳಿಯ ಮಗು ಜಿಲ್ಲಾ ಕೇಂದ್ರದಲ್ಲಿ ಹಾಡಿ ಬಂದರೆ ಇಡೀ ಊರಿಗೆ ಹಿಗ್ಗು. ಆದರೆ ಸ್ಪರ್ಧೆಗೆ ಒಬ್ಬರು ಸಾಕು, ತರಗತಿಗೆ ಎಲ್ಲರೂ ಬೇಕು. ವರ್ಷದ ಕಲಾ ಶಿಕ್ಷಣವನ್ನೆಲ್ಲ ಒಂದು ದಿನದ ಕಾರಂಜಿಗೆ ಇಳಿಸಿದಾಗ ಉಳಿದ ಮಕ್ಕಳ ಪಾಲಿಗೆ ಪ್ರೇಕ್ಷಕರ ಕುರ್ಚಿಯಷ್ಟೇ ಸಿಗುತ್ತದೆ.

ಕಲಾ ಶಿಕ್ಷಕರ ಹುದ್ದೆ ಖಾಲಿಯಿರುವ ಶಾಲೆ ಕೈಕಟ್ಟಿ ಕೂರಬೇಕಿಲ್ಲ. ಕನ್ನಡ ಶಿಕ್ಷಕರು ನಾಟಕವನ್ನು, ವಿಜ್ಞಾನ ಶಿಕ್ಷಕರು ನಿಸರ್ಗ ಚಿತ್ರಣವನ್ನು ವಹಿಸಿಕೊಳ್ಳಬಹುದು. ಊರಿನ ಪೇಟಿ ಮಾಸ್ತರರು, ಭಜನಾ ಮಂಡಳಿಯ ತಬಲಾ ನುಡಿಸುವವರು, ಫಲಕ ಬರೆಯುವ ಕಲಾವಿದರು ವಾರಕ್ಕೊಮ್ಮೆ ಬರಲು ಒಪ್ಪಿದರೆ ಶಾಲಾಭಿವೃದ್ಧಿ ಸಮಿತಿ ಅವರಿಗೆ ಗೌರವಧನ ಹೊಂದಿಸಬೇಕು. ಕಲಾವಿದರನ್ನು ಪುಕ್ಕಟೆ ಕರೆಯುವ ರೂಢಿ ಒಳ್ಳೆಯದಲ್ಲ. ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಜಿಲ್ಲೆಯೊಳಗೇ ಇರುವುದು ಶಾಲೆಗಳಿಗೆ ಇನ್ನೊಂದು ಆಸರೆ.

ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಕಲೆಯಲ್ಲೇ ಮುಂದುವರಿಯುವವರಿಗೆ ದಾರಿಗಳಿವೆ. ಪದವಿಪೂರ್ವ ಶಿಕ್ಷಣದಲ್ಲಿ ಹಿಂದೂಸ್ತಾನಿ ಸಂಗೀತ, ಕರ್ನಾಟಕ ಸಂಗೀತ ಐಚ್ಛಿಕ ವಿಷಯಗಳಾಗಿವೆ, ಬೋಧಿಸುವ ಕಾಲೇಜು ಯಾವುದೆಂದು ಮೊದಲೇ ವಿಚಾರಿಸಿಕೊಳ್ಳಬೇಕು. ಚಿತ್ರಕಲೆಗೆ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ ರಾಣೆಬೆನ್ನೂರಿಗೆ ಸಮೀಪ; ಪಿಯುಸಿಯ ನಂತರ ಅಲ್ಲಿ ದೃಶ್ಯಕಲಾ ಪದವಿ ಓದಬಹುದು. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಮತ್ತು ಲಲಿತಕಲಾ ಮಹಾವಿದ್ಯಾಲಯವಿದೆ, ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿದೆ. ನಾಟಕ ಕಲಿಯುವವರು ಹೆಗ್ಗೋಡಿನ ನೀನಾಸಮ್ 1980ರಲ್ಲಿ ತೆರೆದ ರಂಗಶಿಕ್ಷಣ ಕೇಂದ್ರಕ್ಕೋ ಸಾಣೇಹಳ್ಳಿಯ ರಂಗಶಾಲೆಗೋ ಅರ್ಜಿ ಹಾಕುತ್ತಾರೆ. ಚಿತ್ರಕಲೆಗೆ ಸೇರಬಯಸುವವರು ಪ್ರೌಢಶಾಲೆಯಲ್ಲಿ ಬರೆದ ಚಿತ್ರಗಳನ್ನು ತೆಗೆದಿಡುವುದು, ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳನ್ನು ಹತ್ತನೆಯ ತರಗತಿಯ ಒತ್ತಡ ಏರುವ ಮೊದಲೇ ಮುಗಿಸಿಕೊಳ್ಳುವುದು ಮೇಲು.