ಫೋನು ಕಿತ್ತುಕೊಳ್ಳದ ಕ್ಲಿನಿಕ್ಕು

ಪಿಯುಸಿ ಓದುವ ಮಗ ರಾತ್ರಿಯಿಡೀ ಗೇಮ್ ಆಡಿ ಬೆಳಿಗ್ಗೆ ಏಳದೇ ಹೋದರೆ ಹೆಬ್ಬೂರಿನಂಥ ಊರಿನಲ್ಲೂ ಮನೆಯವರು ಮೊದಲು ಮಾಡುವ ಮದ್ದು ಫೋನು ಕಿತ್ತುಕೊಳ್ಳುವುದು. ಅದು ಕೆಲಸ ಮಾಡದಿದ್ದರೆ ಹರಕೆ, ಆಮೇಲೆ ಹೊಡೆತ. ಇದಕ್ಕೂ ಒಂದು ಚಿಕಿತ್ಸೆ ಇದೆ ಎಂದರೆ ನಂಬುವವರು ಕಡಿಮೆ.

ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಇದಕ್ಕೆಂದೇ ‘ಶಟ್’ ಕ್ಲಿನಿಕ್ ತೆರೆಯಿತು. ಮುಂದಾಳು ಮನಶ್ಶಾಸ್ತ್ರಜ್ಞ ಡಾ. ಮನೋಜ್ ಕುಮಾರ್ ಶರ್ಮ. ತಂತ್ರಜ್ಞಾನವನ್ನು ಬಿಡಿಸುವುದಲ್ಲ, ಹದವಾಗಿ ಬಳಸುವುದನ್ನು ಕಲಿಸುವುದೇ ಇಲ್ಲಿನ ಗುರಿ. ಫೋನಿಲ್ಲದೆ ಈಗ ಕಾಲೇಜಿನ ಹೋಂವರ್ಕೂ ಬರುವುದಿಲ್ಲವಲ್ಲ! ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 2019ರಲ್ಲಿ; ಕ್ಲಿನಿಕ್ಕು ಅದಕ್ಕೂ ಮೊದಲೇ ಬಂದಿತ್ತು.

ಈ ಕ್ಲಿನಿಕ್ಕಿನ ಬೇರು ಇರುವುದು ಚಿಕಿತ್ಸಾ ಮನಶ್ಶಾಸ್ತ್ರ ವಿಭಾಗದಲ್ಲಿ. ನಿಮ್ಹಾನ್ಸ್‌ನ ಮೊದಲ ರೂಪವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ 1955ರಿಂದಲೇ ಮನಶ್ಶಾಸ್ತ್ರಜ್ಞರ ತರಬೇತಿ ನಡೆದಿದೆ. ಮುಂದೆ ಅದು ಎರಡು ವರ್ಷದ ಎಂ.ಫಿಲ್. ಆಯಿತು. ಇಂಥ ತರಬೇತಿಯಲ್ಲಿ ಕಲಿಯುವವರೇ ಮೊದಲು ರೋಗಿಯ ಮುಂದೆ ಕೂರುತ್ತಾರೆ. ದಿನಕ್ಕೆ ಎಷ್ಟು ಗಂಟೆ ಎಂದು ಕೇಳಿ ಸುಮ್ಮನಾಗುವಂತಿಲ್ಲ. ಯಾವ ಹೊತ್ತಿನಲ್ಲಿ ಕೈ ತಡೆಯಲಾಗುವುದಿಲ್ಲ, ಫೋನಿಲ್ಲದಾಗ ಮೈಮನಸ್ಸಿಗೆ ಏನಾಗುತ್ತದೆ, ಯಾವುದನ್ನು ಮರೆಯಲು ಆಟ, ನಿದ್ದೆಯ ಕಥೆಯೇನು ಎಂದು ಕೆದಕಬೇಕು. ಅಪ್ಪ ಅಮ್ಮನ ಜತೆ ಬೇರೆಯೇ ಮಾತು. ಆಮೇಲೆ ಮಾರ್ಗದರ್ಶಕರ ಮುಂದೆ ಇಷ್ಟನ್ನೂ ಒಪ್ಪಿಸಬೇಕು. ಅಲ್ಲಿ ಮತ್ತೊಂದು ಸುತ್ತು ಪ್ರಶ್ನೆ.

ಸಾಮಾನ್ಯ ಹೊರರೋಗಿ ವಿಭಾಗದಲ್ಲಿ ಇಂಥ ಹುಡುಗ ಅಪರೂಪಕ್ಕೊಬ್ಬ. ವಿಶೇಷ ಕ್ಲಿನಿಕ್ಕಿನಲ್ಲಿ ಒಂದೇ ದೂರಿನ ಹತ್ತಾರು ಜನ ಸಾಲಾಗಿ ಸಿಗುತ್ತಾರೆ. ಆಗಲೇ ಒಬ್ಬನ ಆಟದ ಹಿಂದೆ ಖಿನ್ನತೆ, ಇನ್ನೊಬ್ಬನದರ ಹಿಂದೆ ಪರೀಕ್ಷೆಯ ದಿಗಿಲು, ಮತ್ತೊಬ್ಬನಿಗೆ ಬರೀ ಒಂಟಿತನ ಎಂಬ ಭೇದ ಕಾಣುವುದು. ಕಲಿಕೆಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದು ನನಗನ್ನಿಸುತ್ತದೆ.

ತೊಡಕೂ ಇದೆ. ಗೀಳಿನ ಕ್ಲಿನಿಕ್ಕಿನಲ್ಲಿ ಕೂತವರಿಗೆ ಬಾಗಿಲು ದಾಟಿದವರೆಲ್ಲ ಗೀಳಿನವರಂತೆಯೇ ಕಾಣುವ ಅಪಾಯ. ಅದಕ್ಕಿಂತ ದೊಡ್ಡದು, ವಿದ್ಯಾರ್ಥಿ ಎರಡು ವರ್ಷಕ್ಕೆ ಹೊರಟುಹೋಗುತ್ತಾನೆ, ಹುಡುಗನ ಚಿಕಿತ್ಸೆ ಅರ್ಧದಲ್ಲಿರುತ್ತದೆ. ಹೊಸಬರ ಮುಂದೆ ಮೊದಲಿನಿಂದ ಬಾಯಿ ಬಿಡುವುದು ಸುಲಭವಲ್ಲ. ಬೇರೆ ಊರಿನ ಕಾಲೇಜುಗಳು ಇಂಥದ್ದನ್ನು ಶುರುಮಾಡುವುದಾದರೆ ಕೋಣೆ, ಫಲಕಗಳಿಗಿಂತ ಮೊದಲು ಕಾಯಂ ಮಾರ್ಗದರ್ಶಕರನ್ನು, ಸರಿಯಾಗಿ ಬರೆದಿಟ್ಟ ಕೇಸ್ ಫೈಲನ್ನು ನೋಡಿಕೊಳ್ಳಬೇಕು.

ಹೆಬ್ಬೂರಿನವರು ಬೆಂಗಳೂರಿನ ಬಸ್ಸು ಹತ್ತುವ ಮುಂಚೆ 14416ಕ್ಕೆ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಈ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ಮಗ ಒಪ್ಪದಿದ್ದರೆ ಅಪ್ಪ ಅಮ್ಮನೇ ಮಾಡಿದರೂ ಆದೀತು.